‘ದೇವರಿದ್ದಾನೆಂದು ನಂಬು’, ‘ದೇವರನ್ನು ನಂಬು’: ಎರಡಕ್ಕೂ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ.

ದೇವರ ಮೇಲಿನ ನಂಬಿಕೆ ತರ್ಕಕ್ಕೆ ಕೂಡುತ್ತದಾ ಅಂತ ಒಂದು ಬರಹ ಬರೆಯುತ್ತಿದ್ದೇನೆ. ‘ನಂಬು’ ಅನ್ನೋ ಪದದಲ್ಲೇ ಸಿಕ್ಕಿಹಾಕಿಕೊಂಡೆ.

‘ದೇವರಿದ್ದಾನೆಂದು ನಂಬುತ್ತೇನೆ’ ಅಂದರೆ, ಇರೋದು ನಿಜ ಅಂತ ಒಪ್ಪಿದ್ದೇನೆ ಅಂತ. ‘ದೇವರನ್ನು ನಂಬಿದ್ದೇನೆ’ ಅಂದರೆ, ಅವನ ಮೇಲೆ ಭಾರ ಹಾಕಿದ್ದೇನೆ ಅಂತ. ಚೀಟಿ ನಡೆಸುವವರಿಗೆ ‘ನಿಮ್ಮನ್ನೇ ನಂಬಿ ದುಡ್ಡು ಕಟ್ಟಿದ್ದೀನಿ’ ಅನ್ನುವವರಿಗೆ, ಎದುರಿಗೆ ಕೂತವರು ಇದ್ದಾರೋ ಇಲ್ಲವೋ ಅನ್ನೋ ಅನುಮಾನ ಇರುವುದಿಲ್ಲ, ಅಲ್ವಾ?

ಬೆಂಗಳೂರಿನ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಗಾಡಿ ಪೂಜೆ ನಡೆದೇ ಇರುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ ಆಟೋದವರೊಬ್ಬರನ್ನು ಸುಮ್ನೆ ಕೇಳಿದೆ, ದೇವರಿದ್ದಾನೆ ಅನ್ನೋದಕ್ಕೆ ಏನು ಆಧಾರ ಅಂತ. ‘ಅದೆಲ್ಲ ನಂಗ್ಯಾಕೆ ಸಾರ್, ನಾನು ಆಂಜನೇಯನ್ನ ನಂಬಿದೀನಿ ಅಷ್ಟೇ’ ಅಂದರು. ನನ್ನ ಪ್ರಶ್ನೆ ಮೊದಲನೇ ‘ನಂಬು’ವಿನದು, ಅವರ ಉತ್ತರ ಎರಡನೆಯದರದು.

ತರ್ಕದ ಜಗಳ ಜಾಸ್ತಿ ನಡೆದಿರುವುದು ಮೊದಲನೆಯದರ ಮೇಲೆ. ಮಡಕೆಗೆ ಕುಂಬಾರನಿದ್ದ ಹಾಗೆ ಜಗತ್ತಿಗೂ ಮಾಡಿದವನು ಇರಲೇಬೇಕು ಅನ್ನೋದು ನೈಯಾಯಿಕರ, ಅಂದರೆ ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರ ವಾದ. ಈಶ್ವರನಿದ್ದಾನೆ ಅಂತ ಸಾಧಿಸಲಿಕ್ಕೇ ಅವರಲ್ಲೊಬ್ಬನಾದ ಉದಯನ ‘ನ್ಯಾಯಕುಸುಮಾಂಜಲಿ’ ಬರೆದ. ಅವನಿಗಿಂತ ಎಷ್ಟೋ ಮುಂಚೆ, ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟ ಈ ವಾದಕ್ಕೆ ತಕರಾರು ತೆಗೆದಿದ್ದ. ಕುಂಬಾರನಿಗೆ ಮೈಯಿದೆ, ನಿಮ್ಮ ದೇವರಿಗೆ? ಇದೆ ಅಂದರೆ ಆ ಮೈಯನ್ನು ಮಾಡಿದವರು ಯಾರು? ನನಗಂತೂ ಕುಮಾರಿಲನ ಮಾತೇ ಗಟ್ಟಿ ಅನ್ನಿಸುತ್ತದೆ. (ಹಳೆಯ ದರ್ಶನಗಳಲ್ಲಿ ‘ಆಸ್ತಿಕ’ ಅಂದರೆ ದೇವರನ್ನಲ್ಲ, ವೇದವನ್ನು ಒಪ್ಪಿದವನು. ಆ ಲೆಕ್ಕದಲ್ಲಿ ಅವನೂ ‘ಆಸ್ತಿಕ’ನೇ. ಹಾಗಾಗಿ ಆ ಪದವೂ ನನ್ನ ಕೆಲಸಕ್ಕೆ ಬರಲ್ಲ.)

ಹಾಗಂತ ಎರಡನೆಯದು ತರ್ಕದಿಂದ ಪೂರ್ತಿ ತಪ್ಪಿಸಿಕೊಳ್ಳಲಾರದು. ಇಲ್ಲದವನ ಮೇಲೆ ಭಾರ ಹಾಕೋದು ಹೇಗೆ? ಆಟೋದವರು ‘ಅದೆಲ್ಲ ನಂಗ್ಯಾಕೆ’ ಅಂದರೂ, ‘ಇದ್ದಾನೆ’ ಅನ್ನೋದನ್ನು ಒಳಗೇ ಒಪ್ಪಿರುತ್ತಾರೆ. ಒಂದೇ ಪದ ಬಳಸಿದರೆ ವಾದ ಮಾಡುವವರು ಒಂದು ಅರ್ಥದಿಂದ ಇನ್ನೊಂದಕ್ಕೆ ಜಾರುತ್ತಾರೆ. ಟೀವಿ ಚರ್ಚೆಗಳಲ್ಲಿ ದಿನಾ ನೋಡುತ್ತೇವಲ್ಲ.

ಮೊದಲನೆಯದಕ್ಕೆ ‘ಇದ್ದಾನೆಂದು ಒಪ್ಪು’, ಎರಡನೆಯದಕ್ಕೆ ‘ನೆಚ್ಚು’ ಇಡೋಣ ಅಂತಿದ್ದೇನೆ. ಮಳೆ ನೆಚ್ಚಿಕೊಂಡ ಬೇಸಾಯ ಅನ್ನುತ್ತೇವಲ್ಲ, ಅದೇ ನೆಚ್ಚು. ತೊಂದರೆ ಏನೆಂದರೆ, ಬೆಂಗಳೂರಿನ ಕಿವಿಗೆ ಈಗ ‘ನೆಚ್ಚಿನ’ ಅಂದರೆ ‘ನೆಚ್ಚಿನ ನಟ’. ‘ದೇವರನ್ನು ನೆಚ್ಚಿದವರು’ ಅಂತ ಬರೆದರೆ ಅಭಿಮಾನಿ ಸಂಘದವರು ಅನ್ನಿಸಿಬಿಡುತ್ತದಾ?

ನಿಮ್ಮ ಕಡೆ ಮನುಷ್ಯರನ್ನೋ ದೇವರನ್ನೋ ‘ನೆಚ್ಚಿಕೊಂಡಿದ್ದೀನಿ’ ಅನ್ನುವುದುಂಟಾ? ‘ಅವನನ್ನ ನೆಚ್ಚಿಕೊಂಡು ಕೆಟ್ಟೆ’ ಅಂತ ನಾನೂ ಕೇಳಿದ್ದೇನೆ. ನನಗೆ ಬೇಕಿರುವುದು ಒಳ್ಳೆಯ ಅರ್ಥದ ಬಳಕೆ.