ಲೈನ್ ಕೆಲಸಕ್ಕೆ ಹೆಣ್ಣುಮಕ್ಕಳು: ಗ್ಲೌಸ್, ಬೆಲ್ಟ್ ಯಾವ ಅಳತೆ?

ಪ್ರಶ್ನೆ: ನಮ್ಮ ವಿದ್ಯುತ್ ಉಪವಿಭಾಗಕ್ಕೆ ಇಬ್ಬರು ಮಹಿಳಾ ಪವರ್‌ಮ್ಯಾನ್ (ಲೈನ್‌ಮನ್) ಬರುತ್ತಿದ್ದಾರೆ. ಸ್ಟೋರ್‌ನಲ್ಲಿರುವುದು 10, 11ರ ಸೈಜಿನ ರಬ್ಬರ್ ಗ್ಲೌಸ್ ಮಾತ್ರ. ಇಂಡೆಂಟ್‌ನಲ್ಲಿ (ಸಾಮಗ್ರಿ ಬೇಡಿಕೆ ಪತ್ರದಲ್ಲಿ) ಏನು ಬರೆಯಲಿ ಸರ್?

ಉತ್ತರ: ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪ್ ಹಿಡಿಯಿರಿ. ಇಂಚಿನಲ್ಲಿ ಬಂದ ಸಂಖ್ಯೆಯೇ ಸೈಜು. ಒಳಗೆ ಹತ್ತಿ ಗ್ಲೌಸ್ ಹಾಕುವುದಾದರೆ ಅರ್ಧ ಇಂಚು ಸೇರಿಸಿ. ಗ್ಲೌಸ್ ಎಷ್ಟು ವೋಲ್ಟೇಜ್‌ಗೆ ಎಂದು ಹೇಳುವ ಕ್ಲಾಸನ್ನೂ ಬರೆಯಿರಿ: 11 ಕೆ.ವಿ. ಲೈನಿಗೆ ಕ್ಲಾಸ್ 2, ಎಲ್‌ಟಿಗೆ (ಕಡಿಮೆ ವೋಲ್ಟೇಜ್ ಲೈನಿಗೆ) ಕ್ಲಾಸ್ 0 ಎಂದು ನಮೂದಿಸಿ. ಮೇಲೆ ಹಾಕುವ ಚರ್ಮದ ಗ್ಲೌಸೂ ಅದೇ ಅಳತೆಗೆ ಹೊಂದಬೇಕು. ದೊಡ್ಡ ಗ್ಲೌಸಿನಲ್ಲಿ ಬೆರಳ ತುದಿ ಖಾಲಿ ಉಳಿದು ನಟ್ಟು ಹಿಡಿಯಲಾಗುವುದಿಲ್ಲ, ಆಗ ಗ್ಲೌಸ್ ಬಿಚ್ಚುತ್ತಾರೆ. ಅಪಘಾತ ಆಗುವುದೇ ಅಲ್ಲಿ.

ಉತ್ತರ: ಬರೀ ಸೊಂಟದ ಬೆಲ್ಟ್ ಕೊಡಬೇಡಿ, ಬಿದ್ದರೆ ಪೂರಾ ಜಗ್ಗು ಹೊಟ್ಟೆಗೆ. ಭುಜ, ತೊಡೆಗೂ ಪಟ್ಟಿ ಇರುವ ಫುಲ್ ಬಾಡಿ ಹಾರ್ನೆಸ್ ಚಿಕ್ಕ ಸೈಜಿನದು ತರಿಸಿ. ತೊಡೆಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು.

ಉತ್ತರ: ದಯವಿಟ್ಟು ಅವರನ್ನು ಫೈಲ್ ಕೆಲಸಕ್ಕೆ ಕೂರಿಸಬೇಡಿ. ತೆಲಂಗಾಣದಲ್ಲಿ 2020ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಮಹಿಳೆಯರೂ ಕಂಬ ಹತ್ತುವ ಪರೀಕ್ಷೆ ಪಾಸಾದರು. ರಾತ್ರಿ ಪಾಳಿಯ ಸಬ್‌ಸ್ಟೇಷನ್‌ನಲ್ಲಿ ನೀರು, ಬೆಳಕು, ಒಳಚಿಲಕ ಇರುವ ಶೌಚಾಲಯ ಇದೆಯೇ ಎಂದು ಅವರು ಬರುವ ಮೊದಲೇ ಹೋಗಿ ನೋಡಿ.