ತೋಡಿನ ಬದಿಗೆ ಎಸೆದ ಹೂಬಳ್ಳಿ ನಾಗಬನಕ್ಕೂ ನುಗ್ಗಿದೆ, ಏನು ಮಾಡಲಿ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ):
ಸಾರ್, ನಮಸ್ಕಾರ. ನಾಲ್ಕು ವರ್ಷದ ಹಿಂದೆ ನಾದಿನಿ ಮನೆಯಿಂದ ಹಳದಿ ಹೂವಿನ ಬಳ್ಳಿ ತಂದು ಅಂಗಳದ ಬರೆಯಲ್ಲಿ (ಮಣ್ಣಿನ ಇಳಿಜಾರಿನಲ್ಲಿ) ನೆಟ್ಟಿದ್ದೆ. ಚಂದ ಇತ್ತು, ಮಣ್ಣೂ ಜಾರುತ್ತಿರಲಿಲ್ಲ. ಜಾಸ್ತಿಯಾದಾಗ ಕಿತ್ತು ತೋಡಿನ (ಸಣ್ಣ ಹಳ್ಳದ) ಬದಿಗೆ ಎಸೆಯುತ್ತಿದ್ದೆ. ಈಗ ತೋಡಿನುದ್ದಕ್ಕೂ ಅದೇ. ತಂಬುಳಿಗೆ ಒಂದೆಲಗ ಕೊಯ್ಯುತ್ತಿದ್ದ ಜಾಗ ಪೂರ್ತಿ ಮುಚ್ಚಿದೆ. ಈ ಮಳೆಗಾಲ ನಾಗಬನದ ಒಳಗೂ ಹೊಕ್ಕಿದೆ. ಬನದಲ್ಲಿ ಕತ್ತಿ ಹಾಕಬಾರದು ಅನ್ನುತ್ತಾರೆ ಅತ್ತೆ. ಕಳೆಗೆ ಮದ್ದು ಬಿಡಬಹುದಾ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕರು):
ಅಕ್ಕ, ಫೋಟೋ ನೋಡಿದೆ. ಎಲೆ ಮೂರು ಸೀಳಾಗಿದೆ, ಇದು ವೆಡೇಲಿಯಾ. ಗರುಗದ ಜಾತಿ ಅಂದುಕೊಂಡು ಉಳಿಸಬೇಡಿ. ಗರುಗದ್ದು ಪುಟ್ಟ ಬಿಳಿ ಹೂ.

ಇದರ ಮೂಲ ಮಧ್ಯ ಅಮೆರಿಕ, ವೆಸ್ಟ್ ಇಂಡೀಸ್ ಕಡೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿದ, ಹೊರಗಿನಿಂದ ಬಂದು ಊರನ್ನೇ ಆವರಿಸುವ 100 ಕೆಟ್ಟ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ, ಲಂಟಾನವೂ ಇದೆ. ಲಂಟಾನ ಕೂಡ 19ನೇ ಶತಮಾನದ ಶುರುವಿನಲ್ಲಿ ಹೂಗಿಡವಾಗಿಯೇ ಕೊಲ್ಕತ್ತಾಕ್ಕೆ ಬಂದದ್ದು.

ವೆಡೇಲಿಯಾ ಬೀಜದಿಂದ ಹರಡುವುದು ತೀರಾ ಕಡಿಮೆ. ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಒಂದು ಗಿಣ್ಣಿರುವ ತುಂಡು ಒದ್ದೆ ಮಣ್ಣಿಗೆ ಬಿದ್ದರೆ ಸಾಕು, ಹೊಸ ಬಳ್ಳಿ. ತೋಡಿಗೆ ಬಿದ್ದ ತುಂಡು ಮಳೆನೀರಲ್ಲಿ ಹೋಗಿ ಕೆಳಗಿನವರ ತೋಟದಲ್ಲಿ ಚಿಗುರುತ್ತದೆ. ಕಿತ್ತದ್ದನ್ನು ಬೇಲಿಯಾಚೆ ಹಾಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ಈ ಗಿಡದ ಮಟ್ಟಿಗೆ ಅದು ನೆಟ್ಟ ಹಾಗೆಯೇ.

ಮದ್ದು ಬೇಡವೇ ಬೇಡ. ಆ ನೀರು ಕೆಳಗೆ ಯಾರದೋ ಕೆರೆಗೆ, ಬಾವಿಗೆ ಹೋಗುತ್ತದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಇನ್ನೇನು ಹೇಳಲಿ?

ಕೈಯಲ್ಲೇ ಕೀಳಬೇಕು. ಮಣ್ಣು ಮೆತ್ತಗಿರುವ ಈಗಲೇ ಸುಲಭ. ತೋಡಿನ ಮೇಲಿನ ತಲೆಯಿಂದ ಶುರು ಮಾಡಿ. ಕೆಳಗಿನಿಂದ ಕಿತ್ತರೆ ಮೇಲಿನ ತುಂಡು ಮತ್ತೆ ಇಳಿದು ಬರುತ್ತದೆ. ಬಳ್ಳಿ ಎಳೆದು ತುಂಡು ಮಾಡಬೇಡಿ, ಬೇರಿನ ಬುಡ ಹಿಡಿದು ಎತ್ತಿ. ಕಿತ್ತದ್ದನ್ನು ಮಣ್ಣಿಗೆ ತಾಗಿಸದೆ ಟಾರ್ಪಾಲಿನಲ್ಲಿ ಕಟ್ಟಿಡಿ. ಮಳೆ ಬಿಟ್ಟ ಮೇಲೆ ಬಿಸಿಲಲ್ಲಿ ಗರಿಗರಿ ಒಣಗಿಸಿ. ಹಸಿಯಾಗಿ ಅಡಿಕೆ ಬುಡಕ್ಕೆ ಸೊಪ್ಪಿನ ಜೊತೆ ಹಾಕಿಬಿಟ್ಟೀರಿ, ಜೋಪಾನ.

ಬನಕ್ಕೆ ಕತ್ತಿ ಬೇಕಾಗಿಲ್ಲ. ಅತ್ತೆಯವರ ಮಾತು ನಡೆಯಲಿ. ತಂಬಿಲಕ್ಕೆ (ನಾಗನ ಪೂಜೆಗೆ) ಮುಂಚೆ ಬನ ಚೊಕ್ಕ ಮಾಡುತ್ತೀರಲ್ವಾ? ಆ ದಿನ ಇದನ್ನೂ ಕಿತ್ತು ಹೊರಗೆ ತನ್ನಿ. ಬನದ ಮರಗಳಡಿಯ ಸಣ್ಣ ಸಸಿಗಳಿಗೆ ಬೆಳಕೂ ಜಾಗವೂ ಸಿಗುತ್ತದೆ.

ಪ್ರಶ್ನೆ (ಮುಳ್ಳೇರಿಯದಿಂದ ಇನ್ನೊಬ್ಬರು):
ಹುಲ್ಲು ಹೆರೆಯುವ ಮೆಷಿನ್ ಹಾಕಿದರೆ ಬೇಗ ಆಗುವುದಿಲ್ವಾ ಸಾರ್?

ಉತ್ತರ:
ಬೇಡ ಅಣ್ಣ. ಒಂದು ಬಳ್ಳಿ ನೂರು ತುಂಡಾಗಿ ಸುತ್ತ ಹಾರುತ್ತದೆ. ನಿಮ್ಮದು ಬಯಲು ಜಾಗವಾದರೆ ದಪ್ಪ ಕಪ್ಪು ಪ್ಲಾಸ್ಟಿಕ್ ಹೊದೆಸಿ, ಅಂಚಿಗೆ ಕಲ್ಲಿಟ್ಟು ಕೆಲವು ತಿಂಗಳು ಬಿಡಿ. ಬೆಳಕಿಲ್ಲದೆ ಸಾಯುತ್ತದೆ.

ಪ್ರಶ್ನೆ (ಮೊದಲು ಕೇಳಿದವರು):
ಬರೆಯ ಮಣ್ಣು ಜಾರಿದರೆ?

ಉತ್ತರ:
ಒಂದೇ ಸಲ ಬೋಳು ಮಾಡಬೇಡಿ. ಎರಡು ಮಾರು ಕಿತ್ತು ಅಲ್ಲಿ ಲಾವಂಚ ನೆಡಿ, ಅದು ಬೇರು ಹಿಡಿದ ಮೇಲೆ ಮುಂದಿನ ಎರಡು ಮಾರು. ಹೂ ಬೇಕಿದ್ದರೆ ನಮ್ಮ ಗುಡ್ಡೆಯ ಕೇಪಳ ಇದೆ. ತೋಡಿನ ಬದಿಗೆ ಎಲ್ಲಿಂದಾದರೂ ಒಂದು ಹಿಡಿ ಒಂದೆಲಗ ತಂದು ಊರಿ. ಕಿತ್ತ ಜಾಗವನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ. ಎರಡು ಮಳೆಗಾಲವಾದರೂ ಬಿಡದೆ ನೋಡಬೇಕು.