ಅಪ್‌ಡೇಟ್: ಒಡೆಯುತ್ತಿದ್ದ ಕೆಫಿರ್ ಹದಕ್ಕೆ ಬಂದಿದೆ

ಕಲಬುರಗಿಯ ಬೇಸಿಗೆಯಲ್ಲಿ ರಾತ್ರಿ ಕೆಫಿರ್‌ಗೆ (ಮೊಸರಿನಂತೆ ಹುಳಿ ಬರಿಸಿದ ಹಾಲಿನ ಪಾನೀಯ) ಇಟ್ಟ ಹಾಲು ಬೆಳಗಾಗುವಷ್ಟರಲ್ಲಿ ಒಡೆದು, ವಿಪರೀತ ಹುಳಿಯಾಗುತ್ತಿದೆ, ಹೆಪ್ಪಿನಂತೆ ಹಾಲಿಗೆ ಹಾಕುವ ಕೆಫಿರ್ ಕಾಳುಗಳೇ ಕೆಟ್ಟಿವೆಯೇ ಎಂದು ಈ ಹಿಂದೆ ಕೇಳಿದ್ದೆ. ಕಾಳು ಕಡಿಮೆ ಮಾಡಿ, ತಂಪಿನಲ್ಲಿಡಿ ಎಂದು ಹಲವರು ಸೂಚಿಸಿದ್ದರು, ಅವರಿಗೆಲ್ಲ ಧನ್ಯವಾದಗಳು.

ಕಾಳುಗಳು ಕೆಟ್ಟಿರಲಿಲ್ಲ. ಮೊಸರಿನ ಹೆಪ್ಪಿಗೆ ಉಗುರುಬೆಚ್ಚಗಿನ ಹಾಲು ಬೇಕು, ಆದರೆ ಕಾಕಸಸ್ ಪರ್ವತ ಸೀಮೆಯಿಂದ ಬಂದ, ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಒಟ್ಟಿಗೆ ಬಾಳುವ ಈ ಕಾಳುಗಳಿಗೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತಕರವಾಗಿದ್ದು, ಅದಕ್ಕಿಂತ ಸೆಕೆ ಏರಿದಂತೆ ಹುಳಿಯುವ ವೇಗವೂ ಏರುತ್ತದೆ. ಈಗ ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲಿಗೆ ಒಂದೇ ಟೀ ಚಮಚ ಕಾಳು ಹಾಕಿ, ಗಾಜಿನ ಭರಣಿಯನ್ನು ನೀರಿರುವ ಅಗಲ ಪಾತ್ರೆಯಲ್ಲಿಟ್ಟು, ಅದರ ಸುತ್ತ ಒದ್ದೆ ಬಟ್ಟೆ ಸುತ್ತುತ್ತೇನೆ. ನಮ್ಮ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಂತಹ ತೇವದ ಊರಿನಲ್ಲಿ ಇದನ್ನು ನೆಚ್ಚಿಕೊಳ್ಳಲಾಗದು.

ಗಡಿಯಾರಕ್ಕಿಂತ ಭರಣಿಯನ್ನೇ ನೋಡುವುದು ಮೇಲು. ವಾಲಿಸಿದಾಗ ಹಾಲು ಗಾಜಿನ ಗೋಡೆಯಿಂದ ಒಂದೇ ಪದರವಾಗಿ ಜಾರಬೇಕು, ತಳದಲ್ಲಿ ತಿಳಿ ಹಾಲೊಡಕಿನ ಸಣ್ಣ ಗುಳಿಗಳು ಕಾಣತೊಡಗಿದ ಕೂಡಲೇ ಸೋಸಬೇಕು. ಸೋಸಿದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಅಂಚಿನವರೆಗೆ ತುಂಬಿಡುವುದು ಬೇಡ, ಏಕೆಂದರೆ ಯೀಸ್ಟ್ ಫ್ರಿಜ್‌ನಲ್ಲಿಯೂ ನಿಧಾನವಾಗಿ ಅನಿಲ ಬಿಡುತ್ತಲೇ ಇರುತ್ತದೆ. ಕಾಳುಗಳನ್ನು ಪ್ರತಿ ಸಲ ನೀರಿನಲ್ಲಿ ತೊಳೆಯಬೇಕೆಂಬ ಸಲಹೆಯನ್ನು ನಾನು ಪಾಲಿಸಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ.

ಇದುವರೆಗೆ ಹಸುವಿನ ಹಾಲನ್ನಷ್ಟೇ ಬಳಸಿದ್ದೇನೆ. ಎಮ್ಮೆ ಹಾಲಿನಲ್ಲಿ ಮಾಡಿದವರು ಕೆನೆ ತೆಗೆದು ಹಾಕುತ್ತೀರೋ, ಹಾಗೆಯೇ ಬಿಡುತ್ತೀರೋ ಎಂಬುದನ್ನು ದಯವಿಟ್ಟು ತಿಳಿಸಿ.